ಬಿಕರಿಯಾಗದ ಮನೆಯೂ ಹಳೆಯ ಕ್ರಯಪತ್ರವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಮನೆ ಮಾರಿ ನೋಡು ಎಂಬ ಮಾತನ್ನು ನಮ್ಮ ಹಿರಿಯರು ಅದಕ್ಕೆ ಸೇರಿಸಲಿಲ್ಲ. ಕಟ್ಟಿದ ಮನೆಯನ್ನು ಮಾರುವುದು ಅವರ ಕಾಲದಲ್ಲಿ ಗಾದೆಯಾಗುವಷ್ಟು ನಿತ್ಯದ ಸಂಗತಿಯಾಗಿರಲಿಲ್ಲವೆಂದು ತೋರುತ್ತದೆ. ಇಂದಿನ ನಗರಜೀವನದಲ್ಲಿ ಅದು ನಿತ್ಯದ ಸಂಗತಿಯೇ ಆಗಿದೆ. ಮಗಳ ಮದುವೆ, ಮಗನ ವಿದ್ಯಾಭ್ಯಾಸ, ಆಸ್ಪತ್ರೆಯ ಖರ್ಚು, ಅಣ್ಣತಮ್ಮಂದಿರ ಪಾಲು, ಮುಪ್ಪಿನಲ್ಲಿ ಮೆಟ್ಟಿಲು ಹತ್ತಲಾರದ ಮೊಣಕಾಲು, ಹೀಗೆ ಕಾರಣಗಳು ಹಲವು. ಬೆಂಗಳೂರಿನ ದಕ್ಷಿಣ ಭಾಗದ ಸುದ್ದಗುಂಟೆಪಾಳ್ಯದ ಬೀದಿಗಳಲ್ಲಿ ನಡೆದರೆ ‘ಮನೆ ಮಾರಾಟಕ್ಕಿದೆ’ ಎಂಬ ಹಲಗೆ ತೂಗುವ ಗೇಟುಗಳು ಕಾಣುತ್ತವೆ. ಕೆಲವು ಹಲಗೆಗಳು ತಿಂಗಳೊಳಗೆ ಇಳಿಯುತ್ತವೆ. ಕೆಲವು ಎರಡು ಮಳೆಗಾಲವನ್ನು ಕಂಡು, ಅಕ್ಷರ ಮಾಸಿ, ಅಲ್ಲಿಯೇ ತೂಗುತ್ತಿರುತ್ತವೆ.

ಹಾಗೆ ಉಳಿದ ಮನೆಯ ಯಜಮಾನರನ್ನು ಕಾರಣ ಕೇಳಿದರೆ, “ಕಾಲ ಕೂಡಿ ಬಂದಿಲ್ಲ ಸ್ವಾಮಿ” ಎನ್ನುತ್ತಾರೆ. ನೆರೆಯವರು ಬಾಗಿಲಿನ ದಿಕ್ಕನ್ನು ದೂರುತ್ತಾರೆ. ದಲ್ಲಾಳಿ, ಒಂದು ಸಲ ಸುಣ್ಣಬಣ್ಣ ಮಾಡಿಸಿ ನೋಡಿ ಎನ್ನುತ್ತಾನೆ. ಈ ಮೂರು ಉತ್ತರಗಳಲ್ಲಿ ಮೊದಲನೆಯದರಲ್ಲಿ, ಹೇಳಿದವರಿಗೆ ತಿಳಿದಿರುವುದಕ್ಕಿಂತ ಹೆಚ್ಚಿನ ಸತ್ಯವುಂಟು. ಏಕೆಂದರೆ ಕನ್ನಡ ನಾಡಿನ ಹಳೆಯ ಕ್ರಯಪತ್ರಗಳು ಬೆಲೆಯನ್ನು ಹೇಳುವ ಮುನ್ನ ಕಾಲವನ್ನು ಹೇಳುತ್ತಿದ್ದವು. ಆ ಪತ್ರಗಳನ್ನು ಬರೆದವರು ಮನೆ ಹೊಲಗಳ ಬೆಲೆ ಹೇಗೆ ಕುದುರುತ್ತದೆ, ಕೊಳ್ಳುವವನ ಮನಸ್ಸು ಏತಕ್ಕೆ ಹಿಂದೆಗೆಯುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವರ ವಿವೇಕ ಇಂದಿನ ಗೃಹಸ್ಥನಿಗೂ ಒದಗಬಲ್ಲದೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಮಾತುಗಳನ್ನೇ ನೋಡೋಣ. ‘ಮಾರು’ ಎಂಬುದು ಅಚ್ಚಗನ್ನಡದ ಧಾತು. ಹಳಗನ್ನಡದಲ್ಲಿ ಇದನ್ನು ಶಕಟರೇಫದಿಂದ ಬರೆಯುತ್ತಿದ್ದರು. ಮಾರ್ಪಡು ಎಂದರೆ ಬದಲಾಗು; ಮಾರುತ್ತರವೆಂದರೆ ಎದುರಾಗಿ ಬಂದ ಉತ್ತರ. ಅಂದಮೇಲೆ ಮಾರುವುದೆಂದರೆ ಒಂದನ್ನು ಕೊಟ್ಟು ಅದಕ್ಕೆ ಎದುರಾಗಿ ಮತ್ತೊಂದನ್ನು ಪಡೆಯುವುದು. ಎದುರಿಗೆ ಒಬ್ಬನಿಲ್ಲದೆ ಮಾರಾಟವೆಂಬುದೇ ಇಲ್ಲ. ಮನೆಗೆ ಇಷ್ಟು ಬೆಲೆ ಎಂದು ಯಜಮಾನರು ತಮ್ಮ ಮನಸ್ಸಿನಲ್ಲಿ ಎಣಿಸಿಕೊಂಡದ್ದು ಎಣಿಕೆಯೇ ಹೊರತು ಬೆಲೆಯಲ್ಲ. ಹಾಗೆಯೇ ‘ನಿವೇಶನ’ ಎಂಬ ಮಾತು. ಇದು ನಗರಾಭಿವೃದ್ಧಿಯ ಕಚೇರಿಗಳು ಹೊಸದಾಗಿ ಟಂಕಿಸಿದ ಪದವೆಂದು ಹಲವರ ಭಾವನೆ. ಚಾಳುಕ್ಯ ಹೊಯ್ಸಳರ ಕಾಲದ ಶಾಸನಗಳಲ್ಲಿಯೇ ಮನೆಯ ನಿವೇಶನಗಳು ಬರುತ್ತವೆ. ಅವುಗಳ ಉದ್ದಗಲಗಳನ್ನು ‘ಕೈ’ ಲೆಕ್ಕದಲ್ಲಿ ಹೇಳಿರುವುದೂ ಉಂಟು. ನಾವು ಮೂವತ್ತು ನಲವತ್ತು ಅಡಿ ಎನ್ನುವಂತೆ ಅವರು ಇಷ್ಟು ಕೈ ಎಂದರು, ಅಷ್ಟೆ.

ಇನ್ನು ಮಾರುವ ವಿಧಾನ. ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿ ಕಂಡಿತು. ಶತಮಾನಗಳ ಕಾಲ ಹೆಸರಿನಿಂದ ಮಾತ್ರ ಪ್ರಸಿದ್ಧವಾಗಿದ್ದ ಗ್ರಂಥ ೧೯೦೯ರಲ್ಲಿ ಮೈಸೂರಿನಿಂದ ಅಚ್ಚಾಗಿ ಲೋಕಕ್ಕೆ ದೊರೆಯಿತು. ೧೯೧೫ರಲ್ಲಿ ಅವರ ಇಂಗ್ಲಿಷ್ ಅನುವಾದವೂ ಹೊರಬಂತು. ಅದರ ಮೂರನೆಯ ಅಧಿಕರಣದಲ್ಲಿ ವಾಸ್ತುವಿಕ್ರಯದ ಪ್ರಕರಣವೊಂದಿದೆ. ಇಲ್ಲಿ ವಾಸ್ತುವೆಂದರೆ ಇಂದಿನ ದಿಕ್ಕು ಆಯಗಳ ಚರ್ಚೆಯಲ್ಲ. ಮನೆ, ಹೊಲ, ತೋಟ, ಕಟ್ಟೆ, ಕೆರೆ ಮೊದಲಾದ ಸ್ಥಿರಸ್ವತ್ತು.

ಮನೆ ಮಾರುವವನು ಏನು ಮಾಡಬೇಕೆಂದು ಕೌಟಿಲ್ಯನು ಹೇಳುತ್ತಾನೆ? ಕೊಳ್ಳುವ ಹಕ್ಕು ಮೊದಲು ಜ್ಞಾತಿಗಳಿಗೆ, ಆಮೇಲೆ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟ ಧನಿಕರಿಗೆ. ಅವರು ಬೇಡವೆಂದ ಮೇಲೆ ಹೊರಗಿನವರಿಗೆ. ಆ ಮನೆಯ ಮುಂದೆಯೇ, ನೆರೆಯ ನಲವತ್ತು ಕುಲಗಳವರ ಸಮಕ್ಷಮದಲ್ಲಿ, ಈ ಬೆಲೆಗೆ ಕೊಳ್ಳುವವರು ಯಾರೆಂದು ಸಾರಬೇಕು. ಮೂರು ಬಾರಿ ಸಾರಿದಾಗಲೂ ಯಾರೂ ತಕರಾರು ಮಾಡದಿದ್ದರೆ ಕೊಳ್ಳಬಂದವನು ಕೊಳ್ಳಬಹುದು. ಕೊಳ್ಳುವವರ ಪೈಪೋಟಿಯಿಂದ ಬೆಲೆ ಏರಿದರೆ, ಏರಿದ ಭಾಗ ಸುಂಕದೊಡನೆ ರಾಜನ ಬೊಕ್ಕಸಕ್ಕೆ ಸೇರತಕ್ಕದ್ದು.

ಈ ಕೊನೆಯ ನಿಯಮ ನಮಗೆ ಕಠಿಣವೆಂದು ತೋರಬಹುದು. ಆದರೆ ಅದರ ಫಲವನ್ನು ವಿಚಾರಿಸಿ. ಏರಿದ ಬೆಲೆ ತನ್ನ ಕೈಗೆ ಸಿಗದೆಂದು ಬಲ್ಲ ಮಾರಾಟಗಾರನು ಮೊದಲ ಸಾರಿಕೆಯಲ್ಲಿಯೇ ತನಗೆ ನಿಜವಾಗಿ ಬೇಕಾದ ಬೆಲೆಯನ್ನು ಹೇಳಬೇಕಾಗುತ್ತಿತ್ತು. ತೀರ ಕಡಮೆ ಹೇಳಿದರೆ ನಷ್ಟ ತನಗೆ. ತೀರ ಹೆಚ್ಚು ಹೇಳಿದರೆ ನಲವತ್ತು ಮನೆಗಳವರ ಮುಂದೆ ಮೂರು ಸಲ ಕೂಗಿದರೂ ಯಾರೂ ಬಾಯಿ ತೆರೆಯರು. ಆ ನಲವತ್ತು ಮನೆಯವರಾದರೋ ಗೋಡೆಯ ಬಿರುಕು, ಬಾವಿಯ ನೀರು, ಮಳೆಗಾಲದ ಸೋರಿಕೆ, ಅಣ್ಣತಮ್ಮಂದಿರ ಜಗಳ ಎಲ್ಲವನ್ನೂ ಬಲ್ಲವರು. ಅವರ ಎದುರಿಗೆ ಸುಳ್ಳು ಬೆಲೆಯೂ ನಿಲ್ಲದು, ಸುಳ್ಳು ವರ್ಣನೆಯೂ ನಿಲ್ಲದು.

ಕೌಟಿಲ್ಯನಿಂದ ನಮ್ಮ ನಾಡಿನೊಳಕ್ಕೆ ಬರೋಣ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಆಳಿದ್ದು ೧೦೭೬ರಿಂದ ೧೧೨೬ರವರೆಗೆ. ಇಂದು ಬಸವಕಲ್ಯಾಣವೆನ್ನುವ ಆ ಊರಿನಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿವಿಚಾರಕ್ಕೆ ಅದೇ ಆಧಾರಗ್ರಂಥವಾಯಿತು. ಭೂಮಿಯ ಒಡೆತನ ಆರು ಸಂಗತಿಗಳಿಂದ ಕೈಬದಲಾಗುತ್ತದೆಂಬ ಸ್ಮೃತಿವಾಕ್ಯವೊಂದನ್ನು ಆತನು ಎತ್ತಿಕೊಳ್ಳುತ್ತಾನೆ. ಗ್ರಾಮದವರು, ಜ್ಞಾತಿಗಳು, ನೆರೆಯವರು, ದಾಯಾದಿಗಳು, ಈ ನಾಲ್ವರ ಅನುಮತಿ. ಜೊತೆಗೆ ಹಿರಣ್ಯ ಮತ್ತು ಉದಕ, ಎಂದರೆ ಚಿನ್ನ ಮತ್ತು ನೀರು. ಸ್ಥಿರಸ್ವತ್ತಿಗೆ ವಿಕ್ರಯವಿಲ್ಲವೆಂಬ ಹಳೆಯ ನಿಷೇಧವೊಂದಿದ್ದುದರಿಂದ, ಮಾರಾಟವನ್ನೂ ದಾನದಂತೆ ಚಿನ್ನವಿಟ್ಟು ನೀರೆರೆದು ನಡೆಸಬೇಕೆಂದು ಆತನ ವಿವರಣೆ.

ಇಲ್ಲಿ ವಿಜ್ಞಾನೇಶ್ವರನ ಸೂಕ್ಷ್ಮ ಬುದ್ಧಿಯನ್ನು ಗಮನಿಸಬೇಕು. ಗ್ರಾಮದವರ ಅನುಮತಿಯಿಲ್ಲದೆ ಮಾರಾಟವೇ ಸಲ್ಲದೆಂದು ಆತನು ಹೇಳುವುದಿಲ್ಲ. ಗ್ರಾಮದ ಅನುಮತಿ ವ್ಯವಹಾರವು ಎಲ್ಲರಿಗೂ ತಿಳಿಯಲೆಂದು. ನೆರೆಯವರದು ಎಲ್ಲೆಕಟ್ಟಿನ ತಂಟೆ ತಪ್ಪಲೆಂದು. ಬೇರೆಯಾದ ದಾಯಾದಿಗಳದು ಮುಂದೆ ಪಾಲಾಗಿತ್ತೇ ಇಲ್ಲವೇ ಎಂಬ ಸಂಶಯ ಏಳದಿರಲೆಂದು. ಎಲ್ಲವೂ ಕೊಳ್ಳುವವನ ನಿದ್ರೆಗೆ ಭಂಗ ಬರದಿರಲೆಂದು ಮಾಡಿದ ಏರ್ಪಾಡು. ಮನೆಯನ್ನು ಕೊಳ್ಳುವವನು ಇಟ್ಟಿಗೆ ಸುಣ್ಣವನ್ನು ಮಾತ್ರ ಕೊಳ್ಳುವುದಿಲ್ಲ, ನೆಮ್ಮದಿಯನ್ನೂ ಕೊಳ್ಳುತ್ತಾನೆ ಎಂಬುದನ್ನು ಒಂಬತ್ತು ಶತಮಾನಗಳ ಹಿಂದೆಯೇ ನಮ್ಮ ನ್ಯಾಯವಿದರು ಕಂಡಿದ್ದರು.

ಈಗ ಕ್ರಯಶಾಸನಗಳ ಮಾತು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ನಮ್ಮ ನಾಡಿನ ಸಾವಿರಾರು ಶಾಸನಗಳನ್ನು ಪ್ರಕಟಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟ ೧೯೦೫ರಲ್ಲಿ ಬಂತು. ಶಾಸನಗಳಲ್ಲಿ ದಾನದವೇ ಹೆಚ್ಚಾದರೂ ಕ್ರಯದವೂ ಉಂಟು. ವಿಜಯನಗರದ ಕಾಲದ ಕ್ರಯಶಾಸನಗಳಲ್ಲಿ ಬೆಲೆಗೆ ಮುಂಚೆ ಮೂರು ವಿಶೇಷಣಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ‘ತತ್ಕಾಲೋಚಿತ’, ಎರಡು, ‘ಮಧ್ಯಸ್ಥ ಪರಿಕಲ್ಪಿತ’, ಮೂರು, ‘ಉಭಯವಾದಿ ಸಂಪ್ರತಿಪನ್ನ’. ಆ ಕಾಲಕ್ಕೆ ತಕ್ಕದ್ದು, ನಡುವಿನವರು ನಿರ್ಣಯಿಸಿದ್ದು, ಎರಡು ಪಕ್ಷದವರೂ ಒಪ್ಪಿದ್ದು ಎಂದು ಅರ್ಥ. ಈ ಮೂರು ವಿಶೇಷಣಗಳನ್ನು ದಾಟಿ ಬಂದ ಸಂಖ್ಯೆಯೇ ಬೆಲೆ. ಲಿಪಿಕಾರರು ರೂಢಿಯಿಂದ ಬರೆದ ಒಕ್ಕಣೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ಬಿಕರಿಯಾಗದೆ ನಿಂತ ಮನೆಗಳ ರೋಗನಿದಾನ ಈ ಮೂರು ಪದಗಳಲ್ಲಿ ಅಡಗಿದೆ.

ಮೊದಲನೆಯದಾದ ತತ್ಕಾಲೋಚಿತವನ್ನು ತೆಗೆದುಕೊಳ್ಳೋಣ. ಇದಕ್ಕೆ ಶ್ರೀರಂಗಪಟ್ಟಣಕ್ಕಿಂತ ದೊಡ್ಡ ಉದಾಹರಣೆ ಬೇಡ. ೧೭೯೯ರ ಮೇ ತಿಂಗಳಿನಲ್ಲಿ ಟೀಪು ಸುಲ್ತಾನನು ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ಮರುವರ್ಷ ಆ ದ್ವೀಪವನ್ನು ನೋಡಿದ ಫ್ರಾನ್ಸಿಸ್ ಬುಕಾನನ್, ಮನೆಗಳ ಲೆಕ್ಕ ಹಿಡಿದು ಅಲ್ಲಿನ ಜನಸಂಖ್ಯೆಯನ್ನು ೩೧,೮೯೫ ಎಂದು ಅಂದಾಜು ಮಾಡಿದನು. ಟೀಪುವಿನ ಕಾಲದಲ್ಲಿ ಅದು ಒಂದೂವರೆ ಲಕ್ಷಕ್ಕೆ ಕಡಮೆಯಿರಲಿಲ್ಲವೆಂಬುದು ಅವನ ಎಣಿಕೆ. ಆಮೇಲೆ ಜ್ವರದ ಕಾಟ ಹೆಚ್ಚಿತು. ಬ್ರಿಟಿಷರ ದಂಡು ೧೮೦೯ರಿಂದ ಬೆಂಗಳೂರಿನಲ್ಲಿ ನೆಲೆಯೂರಿತು. ೧೯೦೧ರ ಜನಗಣತಿಯ ವೇಳೆಗೆ ಶ್ರೀರಂಗಪಟ್ಟಣದಲ್ಲಿ ಉಳಿದವರು ೮,೫೮೪ ಮಂದಿ. ಒಂದೂವರೆ ಲಕ್ಷ ಜನಕ್ಕೆ ಬೆಳೆದ ಊರಿನಲ್ಲಿ ಎಂಟೂವರೆ ಸಾವಿರ ಜನ! ಅಲ್ಲಿ ಒಂದು ಒಳ್ಳೆಯ ತೊಟ್ಟಿಮನೆಯನ್ನು ಮಾರಲು ಕುಳಿತವನ ಪಾಡನ್ನು ಊಹಿಸಿರಿ. ಕಂಬಗಳ ಕೆತ್ತನೆ ಕುಂದಿರಲಿಲ್ಲ, ಗಾರೆ ಉದುರಿರಲಿಲ್ಲ. ಉದ್ಯೋಗ ಊರು ಬಿಟ್ಟಿತ್ತು, ಅದರ ಹಿಂದೆ ಬೆಲೆಯೂ ಊರು ಬಿಟ್ಟಿತು. ಅಂಥ ಕಡೆ ಹಿಂದಿನ ಬೆಲೆಯನ್ನು ಹಿಡಿದು ಕುಳಿತವನು ಮನೆಯ ಬೆಲೆಯನ್ನು ಕೇಳುತ್ತಿರಲಿಲ್ಲ, ಕಳೆದುಹೋದ ರಾಜಧಾನಿಯ ಬೆಲೆಯನ್ನು ಕೇಳುತ್ತಿದ್ದನು.

ಅದೇ ಕಾಲಚಕ್ರ ಬೆಂಗಳೂರಿನಲ್ಲಿ ಬೇರೆ ರೀತಿಯಲ್ಲಿ ತಿರುಗಿತು. ೧೮೯೮ರ ಆಗಸ್ಟ್ ತಿಂಗಳಿನಲ್ಲಿ ಪ್ಲೇಗು ಊರಿಗೆ ಬಂತು. ಪೇಟೆಯ ಇಕ್ಕಟ್ಟಾದ ಬೀದಿಗಳು, ಗಾಳಿಬೆಳಕಿಲ್ಲದ ಕೋಣೆಗಳು ಜನರಿಗೆ ಭಯ ಹುಟ್ಟಿಸಿದವು. ಅದಕ್ಕೆ ಕೆಲವು ವರ್ಷ ಮುಂಚೆಯೇ ರೂಪುಗೊಂಡಿದ್ದ ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳಿಗೆ ಜನ ಹೊರಟರು. ಪೇಟೆಯಲ್ಲಿ ಅಂಗಡಿಗೆ ಹತ್ತಿರವಿರುವುದೇ ಮನೆಯ ಗುಣವಾಗಿತ್ತು. ಬಡಾವಣೆಯಲ್ಲಿ ಅಗಲವಾದ ರಸ್ತೆ, ಮನೆಯ ಸುತ್ತ ಬಿಟ್ಟ ಜಾಗ, ಕಿಟಕಿಯಿಂದ ಬರುವ ಗಾಳಿ ಗುಣಗಳಾದವು. ಕೊಳ್ಳುವವನ ಕಣ್ಣು ಒಂದು ತಲೆಮಾರಿನೊಳಗೆ ಬದಲಾಯಿತು. ೧೯೪೫ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿತು. ೧೯೪೮ರಲ್ಲಿ, ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಕೈಯಿಂದ, ಜಯಚಾಮರಾಜ ಒಡೆಯರ ಹೆಸರು ಹೊತ್ತ ಜಯನಗರಕ್ಕೆ ಅಡಿಗಲ್ಲು ಬಿತ್ತು. ೧೯೭೬ರಲ್ಲಿ ಟ್ರಸ್ಟ್ ಬೋರ್ಡಿನ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಊರು ದಕ್ಷಿಣಕ್ಕೆ ಹರಿಯಿತು.

ಜಯನಗರದ ಪೂರ್ವಕ್ಕಿರುವ ಸುದ್ದಗುಂಟೆಪಾಳ್ಯದ ಸುತ್ತಮುತ್ತ ಭೂಮಿಯ ವ್ಯವಹಾರ ಹೊಸತೇನೂ ಅಲ್ಲ. ಸಮೀಪದ ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿ ೧೨೪೭ರ ತಮಿಳು ಶಾಸನವೊಂದುಂಟು. ‘ವೆಂಗಳೂರ’ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಅಲ್ಲಿಯದೇ ಇನ್ನೊಂದು ಶಾಸನ ಮೂರನೆಯ ಬಲ್ಲಾಳನ ಕಾಲದಲ್ಲಿ ತಾಮರೈಕ್ಕರೆಯ ಭೂಮಿಯನ್ನು ಹೇಳುತ್ತದೆ. ಅದೇ ಇಂದಿನ ತಾವರೆಕೆರೆ. ಆ ಕಾಲದಲ್ಲಿ ಇಲ್ಲಿ ನೆಲದ ಬೆಲೆಯೆಂದರೆ ಕೆರೆಯ ನೀರು ತಲುಪುವ ಬೆಲೆ. ಇಪ್ಪತ್ತನೆಯ ಶತಮಾನದಲ್ಲಿ ಅಳತೆಗೋಲೇ ಬೇರೆಯಾಯಿತು. ೧೯೬೫ರಲ್ಲಿ ಹತ್ತಿರದಲ್ಲಿ ಬೆಂಗಳೂರು ಡೈರಿ ಬಂತು, ೧೯೬೯ರಲ್ಲಿ ಕ್ರೈಸ್ಟ್ ಕಾಲೇಜು ತೆರೆಯಿತು, ಭೈರಸಂದ್ರ ತಾವರೆಕೆರೆ ಮಡಿವಾಳಗಳ ಹೆಸರುಗಳ ಮೊದಲಕ್ಷರಗಳಿಂದ ಬಿ.ಟಿ.ಎಂ. ಬಡಾವಣೆಯಾಯಿತು. ೧೯೭೪ರಲ್ಲಿ ಕಾವೇರಿಯ ನೀರು ಬೆಂಗಳೂರಿಗೆ ಹರಿದ ಮೇಲೆ, ನಲ್ಲಿಯಲ್ಲಿ ಕಾವೇರಿ ಬರುತ್ತದೆಯೆ ಎಂಬುದು ಮನೆ ಕೊಳ್ಳುವವರ ಮೊದಲ ಪ್ರಶ್ನೆಗಳಲ್ಲಿ ಒಂದಾಯಿತು. ಕೆರೆಯ ಪ್ರಶ್ನೆ ನಲ್ಲಿಯ ಪ್ರಶ್ನೆಯಾಗಿ ಉಳಿದುಕೊಂಡಿತೆನ್ನಬೇಕು.

ಆದರೆ ಇಂಥ ಹಳೆಯ ಪಾಳ್ಯಗಳಲ್ಲಿ ಒಂದು ತೊಡಕುಂಟು. ನೂರು ಗಜದೊಳಗೆ ಮೂರು ಬಗೆಯ ನೆಲಗಳಿರುತ್ತವೆ. ಒಂದು, ಹಳ್ಳಿಯ ಮೂಲ ಗ್ರಾಮಠಾಣದ ಮನೆಗಳು. ಅಲ್ಲಿ ಓಣಿ ಕಿರಿದು, ಎಲ್ಲೆ ಅಂಕುಡೊಂಕು. ಎರಡು, ಹೊಲವನ್ನು ತುಂಡುಮಾಡಿ ಮಾರಿದ ರೆವಿನ್ಯೂ ಸೈಟುಗಳು. ಮೂರು, ಪ್ರಾಧಿಕಾರ ಅಳೆದುಕೊಟ್ಟ ಬಡಾವಣೆಯ ನಿವೇಶನಗಳು. ಹಿಂದಿನ ರಸ್ತೆಯಲ್ಲಿ ಬಡಾವಣೆಯ ಮನೆಯೊಂದು ಇಷ್ಟಕ್ಕೆ ಹೋಯಿತೆಂದು ಕೇಳಿ, ಓಣಿಯೊಳಗಿನ ಮನೆಗೂ ಅಷ್ಟನ್ನೇ ಹೇಳಿದರೆ ಕೊಳ್ಳುವವನು ಹಲಗೆಯನ್ನು ಓದಿ ಮುಂದಕ್ಕೆ ಹೋಗುತ್ತಾನೆ. ಕಾರು ತಿರುಗದ ಓಣಿ, ಸಾಲ ಕೊಡಲು ಬ್ಯಾಂಕು ಹಿಂದೆಗೆಯುವ ದಾಖಲೆ, ಇವೆರಡೂ ಬೆಲೆಯಲ್ಲಿ ಮೊದಲೇ ಇಳಿದಿರಬೇಕು.

ತತ್ಕಾಲಕ್ಕೆ ಹಿಂದಣ ಕಾಲದಂತೆಯೇ ಮುಂದಣ ಕಾಲವೂ ಶತ್ರು. ಹಳೆಯ ಪತ್ರಗಳಲ್ಲಿ ಅಷ್ಟಭೋಗವೆಂಬ ಮಾತು ಬರುತ್ತದಷ್ಟೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಹಕ್ಕುಗಳು. ಇವುಗಳಲ್ಲಿ ಸಿದ್ಧವೆಂದರೆ ಆಗಲೇ ಕೈಗೂಡಿರುವ ಲಾಭ. ಆಗಾಮಿಯೆಂದರೆ ಮುಂದೆ ಬರಬಹುದಾದದ್ದು. ಮಾರುವವನು ಎರಡನ್ನೂ ಕೊಳ್ಳುವವನಿಗೆ ಬಿಟ್ಟುಕೊಡುತ್ತಿದ್ದನು. ನಮ್ಮ ಯಜಮಾನರಾದರೋ ಡೈರಿ ಸರ್ಕಲ್ಲಿಗೆ ಮೆಟ್ರೋ ನಿಲ್ದಾಣ ಬರುತ್ತದೆಂಬ ಸುದ್ದಿ ಕಿವಿಗೆ ಬಿದ್ದ ದಿನವೇ ಅದರ ಲಾಭವನ್ನು ಬೆಲೆಗೆ ಸೇರಿಸಿಬಿಟ್ಟರು! ಆಗಾಮಿಯ ಲಾಭ ಪೂರ್ತಿಯಾಗಿ ತನಗೇ ಬೇಕೆಂದರೆ ಕೊಳ್ಳುವವನಿಗೆ ಉಳಿಯುವುದೇನು? ಅವನು ಸಿದ್ಧಕ್ಕೆ ಪೂರ್ತಿ ಬೆಲೆ ಕೊಡುತ್ತಾನೆ, ಆಗಾಮಿಗೆ ಆಸೆಯಷ್ಟನ್ನು ಮಾತ್ರ ಕೊಡುತ್ತಾನೆ.

ಎರಡನೆಯ ಪದ ಮಧ್ಯಸ್ಥ. ಮಧ್ಯಸ್ಥನೇಕೆ ಬೇಕಾಯಿತು? ಮನೆಯನ್ನು ಕಟ್ಟಿದವರು ಅದರ ಬೆಲೆಯನ್ನು ತಾವೇ ಕಾಣಲಾರರು. ಅವರಿಗೆ ಅದು ಸಾಲದ ಕಂತು ತುಂಬಿದ ಇಪ್ಪತ್ತು ವರ್ಷ. ತಾಯಿ ಕಣ್ಣು ಮುಚ್ಚಿದ ನಡುಮನೆ. ಮಕ್ಕಳ ಎತ್ತರವನ್ನು ಪೆನ್ಸಿಲಿನಿಂದ ಗುರುತಿಟ್ಟ ಬಾಗಿಲ ತೋಳು. ಇವಕ್ಕೆ ಬೆಲೆಯಿಲ್ಲವೆಂದಲ್ಲ, ಇವು ಮಾರಾಟಕ್ಕಿಲ್ಲ. ಮಾರಾಟಕ್ಕಿರುವುದು ನೆಲ, ಕಟ್ಟಡ ಮತ್ತು ಹಕ್ಕು. ನೆಲದ ಬೆಲೆ ಕಾಲದೊಡನೆ ಏರಬಹುದು. ಕಟ್ಟಡ ಮಾತ್ರ ವರ್ಷವರ್ಷಕ್ಕೂ ಸವೆಯುತ್ತದೆ. ಮೂವತ್ತು ವರ್ಷದ ಹಿಂದೆ ತೇಗದ ಬಾಗಿಲಿಗೂ ಮೊಸಾಯಿಕ್ ನೆಲಕ್ಕೂ ಸುರಿದ ಹಣವನ್ನು ಬಡ್ಡಿಸಹಿತ ಕೇಳಿದರೆ ಅದು ತತ್ಕಾಲಕ್ಕೆ ಒಪ್ಪದು.

ಮಧ್ಯಸ್ಥನು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾನೆ: ಕೊಳ್ಳುವವನು ಯಾರು? ಸುದ್ದಗುಂಟೆಪಾಳ್ಯದಲ್ಲಿ ಇಂದು ಎರಡು ಬಗೆಯ ಗಿರಾಕಿಗಳು. ಒಬ್ಬನು ಹಳೆಯ ಮನೆಯನ್ನು ಕೆಡವಿ ವಿದ್ಯಾರ್ಥಿಗಳಿಗೂ ಉದ್ಯೋಗಸ್ಥ ಯುವಕರಿಗೂ ಪಿ.ಜಿ. ಕಟ್ಟಡ ಎಬ್ಬಿಸುವವನು. ಅವನಿಗೆ ಬೇಕಾದದ್ದು ನಿವೇಶನದ ಅಳತೆ, ರಸ್ತೆಯ ಅಗಲ, ಕಾಗದಪತ್ರ. ತೇಗದ ಬಾಗಿಲು ಅವನ ಲೆಕ್ಕದಲ್ಲಿ ಹಳೆಯ ಮರ. ಇನ್ನೊಬ್ಬರು ಹೆಂಡತಿ ಮಕ್ಕಳೊಡನೆ ಬಂದು ಬದುಕುವವರು. ಅವರಿಗೆ ಬೇಕಾದದ್ದು ಬೆಳಕು, ನೀರು, ನೆರೆಹೊರೆ. ಮೊದಲನೆಯವನು ಕೊಳ್ಳಬೇಕಾದ ಮನೆಗೆ ದುಬಾರಿ ಬಣ್ಣ ಹೊಡೆಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎರಡನೆಯವರು ಕೊಳ್ಳಬೇಕಾದ ಮನೆಯನ್ನು ಧೂಳು ಹೊಡೆಯದೆ, ಕಿಟಕಿ ಮುಚ್ಚಿಟ್ಟು ತೋರಿಸುವುದೂ ಅಷ್ಟೇ ನಷ್ಟ.

ಹೀಗೆ ಮನೆಯನ್ನು ತೋರಿಸುವ ಮಾತಿಗೆ ಬಂದೆವು. ಹಳೆಯ ಪತ್ರಗಳಲ್ಲಿ ಮನೆಯನ್ನು ತೋರಿಸುವುದೆಂದರೆ ಚತುಸ್ಸೀಮೆ ಹೇಳುವುದು. ಮೂಡಲಿಗೆ ಇಂಥವರ ಮನೆ, ತೆಂಕಲಿಗೆ ಇಂಥ ಬೀದಿ, ಪಡುವಲಿಗೆ ಇಂಥ ಮರ, ಬಡಗಲಿಗೆ ಇಂಥ ಕಾಲುವೆ ಎಂದು ಊರಿನ ಕಣ್ಣಿಗೆ ಕಾಣುವಂತೆ ಹೇಳಿದರೆ ಸಂಶಯಕ್ಕೆ ಎಡೆಯಿರಲಿಲ್ಲ. ದೋಷವನ್ನು ಮುಚ್ಚುವುದನ್ನಂತೂ ನಮ್ಮ ಶಾಸ್ತ್ರಕಾರರು ಸಹಿಸಲಿಲ್ಲ. ದೋಷವುಳ್ಳ ಪದಾರ್ಥವನ್ನು ದೋಷವಿಲ್ಲದ್ದೆಂದು ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವೆಂದು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ೧೮೮೨ರ ಆಸ್ತಿ ಹಸ್ತಾಂತರ ಕಾಯಿದೆಯ ೫೫ನೆಯ ಕಲಮೂ ಇದೇ ದಾರಿಯದು. ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣಲಾಗದ, ಮಾರುವವನಿಗೆ ಮಾತ್ರ ತಿಳಿದಿರುವ ಮುಖ್ಯ ದೋಷವನ್ನು, ಸ್ವತ್ತಿನದಾಗಲಿ ಹಕ್ಕಿನದಾಗಲಿ, ಮಾರುವವನೇ ತಿಳಿಸಬೇಕು.

ಕಾನೂನು ಹಾಗಿರಲಿ, ಲೋಕವ್ಯವಹಾರದಲ್ಲಿಯೂ ದೋಷವನ್ನು ತಿಳಿಸುವುದೇ ಲಾಭ. ನಮ್ಮ ಬೀದಿಯ ಮನೆಯೊಂದನ್ನು ನೋಡಲು ಬಂದ ಕುಟುಂಬದ ಹಿರಿಯಾಕೆ ಮನೆಯೊಡತಿಯನ್ನು ಕೇಳಿದರು: “ಮಧ್ಯಾಹ್ನದ ಹ್ಹೊತ್ತೂ ದೀಪ ಹಾಕ್ಕೊಂಡೇ ಇರ್ತೀರೇನಮ್ಮಾ?” ಒಡತಿ ಹೇಳಿದರು: “ಪಕ್ಕದ ಮನೆ ಮೂರಂತಸ್ತು ಎದ್ದಮೇಲೆ ಈ ಕೋಣೆಗೆ ಬೆಳಕು ಕಮ್ಮಿ ಆಯ್ತಮ್ಮಾ. ಅಡುಗೆಮನೆ ಕಡೆ ಬನ್ನಿ, ಅಲ್ಲಿ ಬೆಳಿಗ್ಗೆ ಒಳ್ಳೆ ಬಿಸಿಲು ಬರುತ್ತೆ.” ಬೆಲೆಯ ಮಾತನಾಡಲು ಆ ಕುಟುಂಬ ಎರಡನೆಯ ಸಲ ಬಂದಿತು. ಕತ್ತಲೆಯನ್ನು ಕತ್ತಲೆಯೆಂದು ಒಪ್ಪಿದವರು ಬಿಸಿಲನ್ನು ಬಿಸಿಲೆಂದರೆ ನಂಬಲು ಅಡ್ಡಿಯಿಲ್ಲವಷ್ಟೆ.

ಅಂದಮೇಲೆ ಸುಣ್ಣಬಣ್ಣ ಬೇಡವೆ? ಬೇಕು, ಆದರೆ ಸೋರಿಕೆ ನಿಲ್ಲಿಸಿದ ಮೇಲೆ ಬೇಕು. ಸೋರುವ ತಾರಸಿಯ ಕೆಳಗೆ ಬಳಿದ ಬಣ್ಣ ಮೊದಲ ಮಳೆಗೆ ಸಾಕ್ಷಿ ನುಡಿಯುತ್ತದೆ. ತೊಟ್ಟಿಕ್ಕುವ ನಲ್ಲಿ, ಕಟ್ಟಿಕೊಂಡ ಚರಂಡಿ, ಕಿರುಗುಟ್ಟುವ ಬಾಗಿಲು, ಉರಿಯದ ದೀಪ, ಇವುಗಳ ರಿಪೇರಿಗೆ ಆಗುವ ವೆಚ್ಚ ಅಲ್ಪ. ಇವು ಹುಟ್ಟಿಸುವ ಸಂಶಯ ದೊಡ್ಡದು. ಹಿತ್ತಲಿನ ಮುರಿದ ಕುರ್ಚಿ, ಅಟ್ಟದ ಹಳೆಯ ಪೆಟ್ಟಿಗೆಗಳನ್ನು ಸಾಗಿಸಿದರೆ ಕೋಣೆ ತನ್ನ ನಿಜವಾದ ಅಳತೆಗೆ ಬರುತ್ತದೆ. ಕಾವಿಯ ಕೆಂಪು ನೆಲವಿದ್ದರೆ ಅದರ ಮೇಲೆ ಹೊಸ ಟೈಲ್ಸ್ ಹಾಕಿಸುವ ಅವಸರ ಬೇಡ; ಒರೆಸಿ ಹೊಳಪು ಬರಿಸಿದರೆ ಸಾಕು. ಮನೆ ತೋರಿಸುವ ಹೊತ್ತು, ಆ ಮನೆಗೆ ಬೆಳಕು ಚೆನ್ನಾಗಿ ಬರುವ ಹೊತ್ತಾಗಿರಲಿ.

ಗೋಡೆಗಿಂತ ಮೊದಲು ಶುಚಿಯಾಗಬೇಕಾದದ್ದು ಕಾಗದ. ವಿಜ್ಞಾನೇಶ್ವರನು ಹೇಳಿದ ಅನುಮತಿಗಳು ಇಂದು ಬೇರೆ ಹೆಸರು ತೊಟ್ಟಿವೆ. ಊರಿಗೆ ತಿಳಿಯಬೇಕೆಂಬುದಕ್ಕೆ ನೋಂದಣಿ ಕಚೇರಿಯುಂಟು. ಸಾಲವಿದೆಯೆ ಎಂಬುದಕ್ಕೆ ಋಣಭಾರ ಪತ್ರವುಂಟು. ೨೦೨೪ರ ಕೊನೆಯ ಭಾಗದಿಂದ ಬೆಂಗಳೂರಿನಲ್ಲಿ ಮನೆಯ ಕ್ರಯ ನೋಂದಣಿಗೆ ಇ-ಖಾತೆಯೂ ಬೇಕಾಗಿದೆ. ದಾಯಾದಿಗಳ ಮಾತಿಗೆ ಬಂದರೆ, ಒಟ್ಟು ಕುಟುಂಬದ ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ೧೯೯೪ರಲ್ಲಿಯೇ ಬಂತು. ೨೦೦೫ರಲ್ಲಿ ಅದು ಇಡೀ ದೇಶದ ಕಾನೂನಾಯಿತು. ಗಂಡನ ಮನೆಗೆ ಹೋದ ಅಕ್ಕತಂಗಿಯರನ್ನು ಕೇಳದೆ ಪಿತ್ರಾರ್ಜಿತ ಮನೆಗೆ ಹಲಗೆ ಹಾಕಿದವರು ಮುಂಗಡ ಪಡೆಯುವ ದಿನ ಎಡವುತ್ತಾರೆ. ಒಂದು ಸಹಿಯ ಕೊರತೆಯಿಂದ ನಿಂತ ಮನೆಗಳು, ದಿಕ್ಕಿನ ದೋಷದಿಂದ ನಿಂತವೆನ್ನುವ ಮನೆಗಳಿಗಿಂತ ಕಡಮೆಯಿರಲಾರವು.

ಮೂರನೆಯ ಪದ ಉಭಯವಾದಿ ಸಂಪ್ರತಿಪನ್ನ. ಇಬ್ಬರೂ ಒಪ್ಪಿದ್ದೇ ಬೆಲೆ. ಸರ್ಕಾರ ಪ್ರಕಟಿಸುವ ಮಾರ್ಗಸೂಚಿ ಬೆಲೆಯನ್ನು ಹಿಡಿದು ವಾದಿಸುವವರುಂಟು. ಅದು ಮುದ್ರಾಂಕ ಶುಲ್ಕಕ್ಕಾಗಿ ಗೊತ್ತುಮಾಡಿದ ಕನಿಷ್ಠ ಲೆಕ್ಕ. ಪೇಟೆಯ ಬೆಲೆ ಅದಕ್ಕಿಂತ ಹೆಚ್ಚೂ ಇರಬಹುದು, ಕೆಲವೆಡೆ ಕಡಮೆಯೂ ಇರಬಹುದು. ಆದುದರಿಂದ ನೋಡಬೇಕಾದದ್ದು ಅದೇ ಬೀದಿಯಲ್ಲಿ, ಅದೇ ಬಗೆಯ ನೆಲದಲ್ಲಿ, ಇತ್ತೀಚಿನ ತಿಂಗಳುಗಳಲ್ಲಿ ನಿಜವಾಗಿ ಕೈಬದಲಾದ ಮನೆಗಳ ಬೆಲೆಯನ್ನು. ಹಲಗೆಯ ಮೇಲೆ ಬರೆದ ಬೆಲೆ ಬೇರೆ, ಪತ್ರ ಮುಗಿದ ಬೆಲೆ ಬೇರೆ. ಮೊದಲನೆಯದು ಆಸೆ, ಎರಡನೆಯದು ಸಾಕ್ಷ್ಯ.

ಬೆಲೆ ಇಳಿಸುವುದರಲ್ಲಿ ಅವಮಾನವಿದೆಯೆಂದು ಅನೇಕರ ಭಾವನೆ. ಕೌಟಿಲ್ಯನ ಮೂರು ಸಾರಿಕೆಗಳನ್ನು ಇಲ್ಲಿ ನೆನೆಯಬಹುದು. ಮನೆ ನೋಡಲು ಜನ ಬರುವುದೇ ಇಲ್ಲವೆಂದರೆ ಬೆಲೆ ಅವರನ್ನು ಗೇಟಿನಲ್ಲಿಯೇ ತಡೆಯುತ್ತಿದೆ. ಬಂದು ನೋಡಿ ಮರಳದಿದ್ದರೆ ಒಳಗೆ ಕಂಡ ಯಾವುದೋ ಒಂದು ಕೊರತೆ ಬೆಲೆಯಲ್ಲಿ ಸೇರಿಲ್ಲ. ಮರಳಿ ಬಂದು ಕಾಗದ ನೋಡಿ ಹಿಂದೆಗೆದರೆ ದೋಷ ಕಾಗದದ್ದು. ಮೂರು ಸಲ ಸಾರಿದಾಗಲೂ ಬೀದಿ ಮೌನವಾಗಿದ್ದರೆ ಆ ಮೌನವೇ ಮಧ್ಯಸ್ಥನ ತೀರ್ಪು. ಅದನ್ನು ಮೊದಲ ತಿಂಗಳುಗಳಲ್ಲಿಯೇ ಕೇಳಿದವರಿಗೆ ಸ್ವಲ್ಪ ಇಳಿಸಿದರೆ ಸಾಕಾಗುತ್ತದೆ. ವರ್ಷಗಟ್ಟಲೆ ಕೇಳದಿದ್ದರೆ, ಏನೋ ದೋಷವಿರಬೇಕೆಂಬ ಅಪವಾದ ಮನೆಗೆ ಅಂಟಿಕೊಂಡು, ಆಮೇಲೆ ಎಷ್ಟು ಇಳಿಸಿದರೂ ಸಾಲದಾಗುತ್ತದೆ. ಅಷ್ಟರೊಳಗೆ ಯಾವ ಕಾರ್ಯಕ್ಕೆಂದು ಮನೆ ಮಾರಹೊರಟರೋ ಆ ಕಾರ್ಯದ ಕಾಲವೂ ಮೀರಿರುತ್ತದೆ. ಮುಪ್ಪಿನವರಿಗೆ ಬೇಕಾಗಿದ್ದ ಕೆಳಮನೆ, ರೋಗಿಗೆ ಬೇಕಾಗಿದ್ದ ಚಿಕಿತ್ಸೆ, ಅಕ್ಕತಂಗಿಯರಿಗೆ ಸಲ್ಲಬೇಕಾಗಿದ್ದ ಪಾಲು, ಯಾವುದೂ ಬೆಲೆ ಏರಲೆಂದು ಕಾಯುತ್ತ ಕೂರುವುದಿಲ್ಲ.

ಹಳೆಯ ಕಾಲದವರು ಮನೆ ಮಾರಿದಾಗ ನೀರೆರೆದು ಕೊಟ್ಟರೆಂದೆವಷ್ಟೆ. ಹಾಗೆ ಕೊಟ್ಟ ಮೇಲೆ ಆ ಮನೆಯ ಸಿದ್ಧ ಸಾಧ್ಯಗಳೆಲ್ಲ ಇನ್ನೊಬ್ಬರವು. ನಾಳೆ ಅಲ್ಲಿ ನಿಧಿ ಸಿಕ್ಕರೂ ಅವರದೇ, ನಿಲ್ದಾಣ ಬಂದರೂ ಅವರದೇ. ಅದನ್ನು ಮನಸ್ಸಿನಲ್ಲಿ ಒಪ್ಪಿಕೊಂಡ ದಿನ ಯಜಮಾನರ ಬಾಯಿಂದ ಬರುವ ಬೆಲೆ ತಾನಾಗಿಯೇ ತತ್ಕಾಲೋಚಿತವಾಗಿರುತ್ತದೆ.